ಆಕಾಶದಿಂದ ಬಿತ್ತನೆ: ನಮ್ಮ ಹಡಿಲು ಗದ್ದೆಗಳಿಗೆ ಇದು ಆಗ್ತದಾ?

ಮೇ ತಿಂಗಳ ಕೊನೆ ವಾರ ಬಂತೆಂದರೆ ಗದ್ದೆ ಇರುವ ಮನೆಗಳಲ್ಲಿ ಒಂದೇ ಮಾತು. ನೇಜಿ ನೆಡ್ಲಿಕ್ಕೆ ಈ ಸಲ ಜನ ಸಿಗ್ತಾರಾ? ಸಿಗದಿದ್ದರೆ ಗದ್ದೆ ಹಡಿಲು. ಒಂದು ಏಣೇಲು ತಪ್ಪಿದ ಗದ್ದೆಯಲ್ಲಿ ಮರುವರ್ಷ ಹುಲ್ಲು ಸೊಂಟದವರೆಗೆ ಬಂದಿರುತ್ತದೆ, ಹುಣಿ ಒಡೆದಿರುತ್ತದೆ, ನೀರು ಹೋಗುವ ತೋಡು ಮುಚ್ಚಿರುತ್ತದೆ. ಮೂರನೇ ವರ್ಷ ಅದನ್ನು ಪುನಃ ಗದ್ದೆ ಮಾಡುವ ಖರ್ಚು ಕೇಳಿದರೆ ಯಾರೂ ಮುಂದೆ ಬರುವುದಿಲ್ಲ. ಆಮೇಲೆ ಮಣ್ಣು ತುಂಬಿಸಿ ಸೈಟು. ಕರಾವಳಿಯಲ್ಲಿ ಇದು ನಮ್ಮೆಲ್ಲರ ಕಣ್ಣೆದುರೇ ನಡೆಯುತ್ತಿರುವುದು.

ಹಾಗಾಗಿ ಡ್ರೋನ್ ಗದ್ದೆಯ ಮೇಲೆ ಹಾರಿ ಬೀಜ ಬಿತ್ತುವ ವೀಡಿಯೊ ಮೊಬೈಲಿಗೆ ಬಂದಾಗ ಹಲವರಿಗೆ ಆಸೆ ಹುಟ್ಟಿದ್ದು ಸಹಜ. "ಉಸ್ತಾದೇ, ಹತ್ತು ನಿಮಿಷದಲ್ಲಿ ಒಂದು ಎಕರೆ ಆಗ್ತದಂತೆ, ನಮಗೂ ಆಗ್ಲಿಕ್ಕಿಲ್ವಾ?" ಎಂದು ಮದ್ರಸದ ಗೇಟಿನ ಹತ್ತಿರ ನಮ್ಮನ್ನು ಕೇಳಿದವರು ಒಬ್ಬಿಬ್ಬರಲ್ಲ. ಗಲ್ಫ್ ಬಿಟ್ಟು ಊರಿಗೆ ಬಂದು, ಕೈಯಲ್ಲಿ ಉಳಿದ ಹಣದಲ್ಲಿ ಎಂಥ ಮಾಡುವುದೆಂದು ಯೋಚಿಸುತ್ತಿರುವ ಹುಡುಗರೂ ಕೇಳಿದ್ದಾರೆ. ಅವರದ್ದು ಲಕ್ಷಗಟ್ಟಲೆಯ ಪ್ರಶ್ನೆ. ಆದ್ದರಿಂದ ಈ ವಾರ ಇದನ್ನೇ ಸ್ವಲ್ಪ ಬಿಡಿಸಿ ಹೇಳುವ ಎಂದು ಕಂಡಿತು.

ನಮಗೆ ತೋಚಿದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಡ್ರೋನ್ ಬೀಜವನ್ನು ಸಮನಾಗಿ ಬಿತ್ತುತ್ತದೆ, ಅದರಲ್ಲಿ ಸಂಶಯ ಇಲ್ಲ. ಆದರೆ ತಗ್ಗು ದಿಬ್ಬ ಇರುವ ಗದ್ದೆಯಲ್ಲಿ, ಜೂನ್ ತಿಂಗಳ ಮಳೆಯಲ್ಲಿ ಆ ಸಮ ಒಂದು ರಾತ್ರಿ ಉಳಿಯುವುದಿಲ್ಲ. ನಮ್ಮ ಕಡೆ ಅದಕ್ಕೆ ಕೆಲಸ ಉಂಟು, ಬೇರೆ ಹೊತ್ತಿನಲ್ಲಿ, ಬೇರೆ ಬೆಳೆಗೆ.

ಬೀಜದ ಲೆಕ್ಕ

ಬಿತ್ತನೆ ನಿಖರ ಎಂದರೆ ಎಂಥ? ಭತ್ತದ ಸಾವಿರ ಕಾಳು ಸುಮಾರು 25 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಒಂದು ಕಿಲೋದಲ್ಲಿ 40,000 ಕಾಳು. ಎಕರೆಗೆ 15 ಕಿಲೋ ಹಾಕಿದರೆ 6 ಲಕ್ಷ ಕಾಳು. ಒಂದು ಎಕರೆಯಲ್ಲಿ 4,047 ಚದರ ಮೀಟರ್ ಜಾಗ. ಭಾಗಿಸಿ ನೋಡಿ, ಒಂದು ಚದರ ಮೀಟರಿಗೆ ಹೆಚ್ಚು ಕಡಿಮೆ 150 ಕಾಳು ಬಂತು. ಎಲ್ಲವೂ ಮೊಳೆಯದಿದ್ದರೂ ಗದ್ದೆ ತುಂಬಲು ಇದು ಸಾಕು, ಒಂದೊಂದು ಗಿಡವೂ ತೆಂಡೆ ಒಡೆದು ಹರಡಿಕೊಳ್ಳುತ್ತದೆ.

ಕೈಯಲ್ಲಿ ಎರಚುವವರು ಇದೇ ಎಕರೆಗೆ 30-40 ಕಿಲೋ ಹಾಕುವುದುಂಟು. ಎಲ್ಲಿ ಬೋಳು ಬೀಳ್ತದೋ ಎಂಬ ಹೆದರಿಕೆಗೆ. ಆದರೂ ಒಂದು ಕಡೆ ದಟ್ಟ, ಒಂದು ಕಡೆ ಖಾಲಿ ಆಗುತ್ತದೆ. ದಟ್ಟ ಆದಲ್ಲಿ ಗಿಡಗಳು ಬೆಳಕಿಗಾಗಿ ಒಂದಕ್ಕೊಂದು ಪೈಪೋಟಿ ಮಾಡಿ ಸಪೂರ ಬೆಳೆದು ಗಾಳಿಗೆ ಮಲಗುತ್ತವೆ. ಖಾಲಿ ಬಿದ್ದಲ್ಲಿ ಕಳೆ ಏಳುತ್ತದೆ. ಹಿಂದೆ ಊರಿಗೊಬ್ಬರು ಇಬ್ಬರು ಬಿತ್ತುವ ಕೈಯವರು ಇರುತ್ತಿದ್ದರು. ಅವರು ಹೆಜ್ಜೆಗೆ ಒಂದು ಮುಷ್ಟಿ ಎರಚಿಕೊಂಡು ಹೋದರೆ ಹತ್ತು ದಿನದ ನಂತರ ಗದ್ದೆ ಚಾಪೆ ಹಾಸಿದ ಹಾಗೆ ಕಾಣುತ್ತಿತ್ತು. ಅಂಥವರು ಈಗ ಎಷ್ಟು ಮಂದಿ ಇದ್ದಾರೆ?

ಡ್ರೋನ್ ಈ ಕೈಯ ಕೆಲಸವನ್ನು ಮಾಡಲು ಹೊರಟದ್ದು. ಅದರ ಹೊಟ್ಟೆಯ ಕೆಳಗೆ ಒಂದು ಡಬ್ಬಿ. ಡಬ್ಬಿಯ ತಳದಲ್ಲಿ ಬೀಜವನ್ನು ಅಳೆದು ಬಿಡುವ ರೋಲರ್ ಅಥವಾ ಬಾಗಿಲು, ಅದರ ಕೆಳಗೆ ತಿರುಗುವ ತಟ್ಟೆ. ತಟ್ಟೆ ತಿರುಗುವಾಗ ಕಾಳು ಎರಡೂ ಬದಿಗೆ ಚಿಮ್ಮುತ್ತದೆ. ಕೆಲವು ಮಾದರಿಗಳಲ್ಲಿ ತಟ್ಟೆಯ ಬದಲು ಗಾಳಿಯ ಒತ್ತಡದಿಂದ ಕೊಳವೆಯ ಮೂಲಕ ಸಾಲಿಗೆ ಬೀಳಿಸುತ್ತಾರೆ. ಹಾರುವ ವೇಗ ಹೆಚ್ಚಾದರೆ ಬೀಜವೂ ಹೆಚ್ಚು ಬೀಳಬೇಕು, ನಿಧಾನ ಆದರೆ ಕಡಿಮೆ. ಇದನ್ನು ಯಂತ್ರವೇ ಹೊಂದಿಸಿಕೊಳ್ಳುತ್ತದೆ. ಗದ್ದೆಯ ನಾಲ್ಕು ಮೂಲೆ ಗುರುತು ಮಾಡಿ ಕೊಟ್ಟರೆ ಅದರೊಳಗೆ ಸಾಲು ಹಾಕಿಕೊಂಡು ತಾನೇ ಹೋಗಿ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಉಂಟು, ಮಾರಾಟಕ್ಕೆ ಬರುವವರು ಇದನ್ನು ಕೇಳದೆ ಹೇಳುವುದಿಲ್ಲ. ನಮ್ಮ ಮೊಬೈಲಿನಲ್ಲಿ ಇರುವಂಥ ಸಾಮಾನ್ಯ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಮದುವೆ ಹಾಲ್ ಹುಡುಕಲು ಅಷ್ಟು ಸಾಕು. ಬೀಜದ ಸಾಲಿಗೆ ಸಾಲದು. ನೆಲದಲ್ಲಿ ಒಂದು ಸ್ಥಿರ ಕೇಂದ್ರ ಇಟ್ಟು ತಪ್ಪನ್ನು ಆಗಿಂದಾಗ ತಿದ್ದುವ ಆರ್‌ಟಿಕೆ ಎಂಬ ವ್ಯವಸ್ಥೆ ಇದ್ದರೆ ಮಾತ್ರ ವ್ಯತ್ಯಾಸ ಕೆಲವು ಸೆಂಟಿಮೀಟರಿಗೆ ಇಳಿಯುತ್ತದೆ. ಮತ್ತೆ, ತಟ್ಟೆಯಿಂದ ಚಿಮ್ಮುವ ಬೀಜ ನಡುವೆ ಹೆಚ್ಚು, ಅಂಚಿಗೆ ಹೋದ ಹಾಗೆ ಕಡಿಮೆ ಬೀಳುತ್ತದೆ. ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲಿನ ಅಂಚು ಬರುವಂತೆ ಹಾರಿಸುವುದು ಆಪರೇಟರನ ಜಾಣ್ಮೆ. ಗಾಳಿ ಬೀಸುವಾಗ ಹಾರಿಸಿದರೆ ಈ ಲೆಕ್ಕ ಎಲ್ಲ ಒಟ್ರಾಶಿ.

ಬೀಜವೂ ತಯಾರಾಗಿರಬೇಕು. ಒಂದು ದಿನ ನೀರಲ್ಲಿ ನೆನೆಸಿ, ಗೋಣಿಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸುವ ಕ್ರಮ ನಮ್ಮ ಹಿರಿಯರಿಗೆ ಹೊಸತಲ್ಲ. ಡ್ರೋನಿಗಾದರೆ ಮೊಳಕೆ ಬಿಳಿ ಚುಕ್ಕೆಯಷ್ಟು ಮೂಡಿದಾಗಲೇ ತೆಗೆಯಬೇಕು. ಉದ್ದ ಬಂದರೆ ಒಂದಕ್ಕೊಂದು ಸಿಕ್ಕಿಕೊಂಡು ರೋಲರಿನಲ್ಲಿ ಮುರಿಯುತ್ತದೆ. ಮೇಲಿನ ನೀರು ಆರಿರಬೇಕು, ಇಲ್ಲದಿದ್ದರೆ ಡಬ್ಬಿಯಲ್ಲಿ ಮುದ್ದೆ ಕಟ್ಟುತ್ತದೆ.

ಬೇರೆ ದೇಶದವರು ಹೇಗೆ ಮಾಡಿದರು?

ಆಕಾಶದಿಂದ ಭತ್ತ ಬಿತ್ತುವುದು ನಿನ್ನೆ ಮೊನ್ನೆಯ ಸಂಗತಿ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ವಿಮಾನದಿಂದ ಭತ್ತ ಬಿತ್ತುತ್ತಾ ಬಂದು ಹಲವು ದಶಕಗಳೇ ಆದವು. ನೆನೆಸಿ ಭಾರ ಮಾಡಿದ ಬೀಜವನ್ನು ನೀರು ನಿಂತ ಗದ್ದೆಗೆ ಸುರಿಯುತ್ತಾರೆ, ಅದು ಮುಳುಗಿ ಕೆಸರಿಗೆ ಕೂರುತ್ತದೆ. ಮೇಲಿನ ನೀರು ಕಳೆಯನ್ನು ತಡೆಯುತ್ತದೆ. ಕೇಳಲಿಕ್ಕೆ ಸುಲಭ. ಆದರೆ ಅಲ್ಲಿನ ಗದ್ದೆಗಳನ್ನು ಲೇಸರ್ ಯಂತ್ರದಿಂದ ಅಳೆದು ಮಟ್ಟ ಮಾಡಿರುತ್ತಾರೆ. ವಿಮಾನಕ್ಕಿಂತ ಮೊದಲು ಅಲ್ಲಿ ಕೆಲಸ ಮಾಡಿದ್ದು ಮಟ್ಟ.

ಜಪಾನಿನಲ್ಲಿ ರೈತರಿಗೆ ವಯಸ್ಸಾಯಿತು, ಮಕ್ಕಳು ಪೇಟೆಗೆ ಹೋದರು. ನಮ್ಮದೇ ಕತೆ ಅಲ್ವಾ? ಯಮಹಾ ಕಂಪೆನಿ 1987ರಲ್ಲಿಯೇ ಆರ್-50 ಎಂಬ, ಚಾಲಕ ಇಲ್ಲದ ಪುಟ್ಟ ಹೆಲಿಕಾಪ್ಟರನ್ನು ಗದ್ದೆಗೆ ಮದ್ದು ಬಿಡಲು ತಂದಿತು. ಮುಂದೆ ಅಂಥದ್ದರಲ್ಲೇ ಬಿತ್ತನೆಯೂ ನಡೆಯಿತು. ವಿಯೆಟ್ನಾಮಿನ ಮೆಕಾಂಗ್ ನದಿ ಬಯಲಿನಲ್ಲಿ ಈಗ ಡ್ರೋನ್ ಬಿತ್ತನೆ ಸಾಮಾನ್ಯ ಆಗಿದೆ. ಅಲ್ಲಿನ ಸರಕಾರ 10 ಲಕ್ಷ ಹೆಕ್ಟೇರಿನ ಒಂದು ಭತ್ತದ ಯೋಜನೆಯಲ್ಲಿ, ಹೆಕ್ಟೇರಿಗೆ ಹಾಕುವ ಬೀಜವನ್ನು 2030ರೊಳಗೆ 70 ಕಿಲೋಗಿಂತ ಕೆಳಗೆ ಇಳಿಸಬೇಕೆಂದು ಗುರಿ ಇಟ್ಟಿದೆ. ನಮ್ಮ ಲೆಕ್ಕದಲ್ಲಿ ಎಕರೆಗೆ 28 ಕಿಲೋ. ನಮ್ಮ ಪಕ್ಕದ ತೆಲಂಗಾಣದಲ್ಲೂ ಪ್ರೊಫೆಸರ್ ಜಯಶಂಕರ್ ಕೃಷಿ ವಿಶ್ವವಿದ್ಯಾಲಯದವರು ಭತ್ತಕ್ಕೆ ಡ್ರೋನ್ ಬಿತ್ತನೆಯ ಪ್ರಯೋಗ ಮಾಡಿದ್ದಾರೆ.

ಅಬುಧಾಬಿಯಲ್ಲಿರುವ ನಮ್ಮವರು ಕೆಲವರು ಅಲ್ಲಿನ ಕಡಲ ತೀರದಲ್ಲಿ ಡ್ರೋನ್ ಮೂಲಕ ಕಾಂಡ್ಲಾ ಬೀಜ ಬಿತ್ತುವುದನ್ನು ಕೇಳಿರಬಹುದು. ಅದು ಬೇರೆ ಸಂಗತಿ. ಕಾಡು ಬೆಳೆಸುವಲ್ಲಿ ಹತ್ತರಲ್ಲಿ ನಾಲ್ಕು ಬೀಜ ಹೋದರೆ ಪುನಃ ಬಿತ್ತಬಹುದು. ಗದ್ದೆಯಲ್ಲಿ ಹತ್ತರಲ್ಲಿ ನಾಲ್ಕು ಹೋದರೆ ಆ ವರ್ಷದ ಅಕ್ಕಿ ಹೋಯಿತು.

ನಮ್ಮ ಗದ್ದೆಗೆ ಬಂದಾಗ

ಮೆಕಾಂಗ್ ಬಯಲಿನ ಹಾಗೆ ಕಣ್ಣು ಹಾಯಿಸಿದಷ್ಟು ಗದ್ದೆ ನಮ್ಮಲ್ಲಿ ಇಲ್ಲ. ಬೈಲು, ಮಜಲು, ಬೆಟ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಇರುವ ತುಂಡುಗಳು. ಸುತ್ತ ತೆಂಗು, ಪಕ್ಕದಲ್ಲಿ ಅಡಿಕೆ ತೋಟ, ಮೇಲೆ ಕರೆಂಟು ತಂತಿ. 20 ಮೀಟರ್ ಉದ್ದ, 20 ಮೀಟರ್ ಅಗಲದ ಒಂದು ಗದ್ದೆ, ಅಂದರೆ ಸುಮಾರು 10 ಸೆಂಟ್ಸು ಎಂದು ತೆಗೆದುಕೊಳ್ಳಿ. ಮರ, ಹುಣಿ, ನೆರೆಯವರ ಗದ್ದೆ ಎಂದು ಡ್ರೋನ್ ಸುತ್ತ 2 ಮೀಟರ್ ಬಿಟ್ಟು ಬಿತ್ತಿತು. ಬಿತ್ತಿದ ಜಾಗ 16ಕ್ಕೆ 16, ಅಂದರೆ 256 ಚದರ ಮೀಟರ್. ಉಳಿದ 144 ಚದರ ಮೀಟರಿಗೆ ನೀವೇ ಕೈಯಲ್ಲಿ ಎರಚಬೇಕು. ಮೂರನೇ ಒಂದು ಪಾಲಿಗಿಂತ ಹೆಚ್ಚಾಯಿತು! ಅದೇ 60ಕ್ಕೆ 60 ಮೀಟರಿನ ಗದ್ದೆಯಾದರೆ ಹೀಗೆ ಬಿಟ್ಟುಹೋಗುವುದು ನೂರರಲ್ಲಿ 13 ಪಾಲು ಮಾತ್ರ. ಗದ್ದೆ ಸಣ್ಣದಾದಷ್ಟು ಡ್ರೋನಿನ ನಿಖರತೆಗೆ ಬೆಲೆ ಕಡಿಮೆ.

ಹತ್ತು ಸೆಂಟ್ಸಿನ ಗದ್ದೆಗೆ ಡ್ರಮ್ ಸೀಡರ್ ಸಾಕು. ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಮೊಳಕೆ ಬೀಜ ತುಂಬಿಸಿ ಕೆಸರಲ್ಲಿ ಎಳೆದುಕೊಂಡು ಹೋಗುವುದು, ತೂತುಗಳಿಂದ ಬೀಜ ಸಾಲಾಗಿ ಬೀಳುತ್ತದೆ. ಬ್ಯಾಟರಿ ಬೇಡ, ಲೈಸೆನ್ಸ್ ಬೇಡ. ಸಾಲು ಇರುವುದರಿಂದ ನಡುವೆ ಕಳೆ ತೆಗೆಯಲೂ ಆಗುತ್ತದೆ. ಇದರ ವೀಡಿಯೊ ಯಾರೂ ಕಳಿಸುವುದಿಲ್ಲ, ನೋಡಲು ಚಂದ ಇಲ್ಲ.

ಇನ್ನು ಮಳೆ. ಏಣೇಲಿನ ಬಿತ್ತನೆ ಹೊತ್ತಿಗೆ ನಮ್ಮಲ್ಲಿ ಮಳೆ ಹೇಗೆಂದು ಯಾರಿಗೂ ಹೇಳಬೇಕಾಗಿಲ್ಲ. ನೇರ ಬಿತ್ತನೆಗೆ ಗದ್ದೆ ಉತ್ತು, ಕೆಸರು ಮಾಡಿ, ಹಲಗೆ ಎಳೆದು ಮಟ್ಟ ಮಾಡಿ, ನೀರು ಬಸಿದು ಬೀಜ ಹಾಕಬೇಕು. ಬೀಜ ಬೇರು ಹಿಡಿಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಒಂದು ಜೋರು ಮಳೆ ಬಂದರೆ ಬೀಜ ತೇಲಿ ಹೋಗಿ ತಗ್ಗಿನ ಮೂಲೆಯಲ್ಲಿ ರಾಶಿ ಬೀಳುತ್ತದೆ. ಕೈಯಿಂದ ಎರಚಿದ್ದೂ ಒಂದೇ, ಡ್ರೋನಿನಿಂದ ಬಿತ್ತಿದ್ದೂ ಒಂದೇ. ಮೇಲಿಂದ ನವಿಲು, ಪಾರಿವಾಳ, ರಾತ್ರಿ ಹಂದಿ. ಹಕ್ಕಿ ತಿಂದದ್ದರಲ್ಲೂ ಬಿತ್ತಿದವನಿಗೆ ಪುಣ್ಯ ಉಂಟು ಎಂದು ಮಕ್ಕಳಿಗೆ ಕಲಿಸುವವರೇ ನಾವು, ಆದರೂ ಹದಿನೈದು ಕಿಲೋದಲ್ಲಿ ಗದ್ದೆ ಮುಗಿಸಲು ಹೊರಟವನಿಗೆ ನವಿಲಿನ ಪಾಲನ್ನೂ ಲೆಕ್ಕಕ್ಕೆ ಸೇರಿಸದೆ ಗತಿ ಇಲ್ಲ.

ಎಲ್ಲಕ್ಕಿಂತ ದೊಡ್ಡ ತಲೆನೋವು ಕಳೆ. ನೇಜಿ ನೆಟ್ಟ ಗದ್ದೆಯಲ್ಲಿ ಭತ್ತದ ಗಿಡ ಕಳೆಗಿಂತ ಮೂರು ವಾರ ದೊಡ್ಡದು, ನೀರೂ ನಿಂತಿರುತ್ತದೆ. ನೇರ ಬಿತ್ತಿದಲ್ಲಿ ಭತ್ತ, ಕಳೆ ಎರಡೂ ಒಂದೇ ದಿನ ಹುಟ್ಟಿದ ಅವಳಿ ಮಕ್ಕಳ ಹಾಗೆ. ನೆಡುವ ಆಳಿನ ಸಂಬಳ ಉಳಿಯಿತೆಂದು ಖುಷಿಪಟ್ಟವರು ಕಳೆ ಕೀಳುವ ಆಳಿಗೆ ಅಷ್ಟೇ ಕೊಟ್ಟದ್ದುಂಟು. ಆದ್ದರಿಂದ ಏಣೇಲಿಗೆ ಚಾಪೆ ನೇಜಿ ಮಾಡಿ ನಾಟಿ ಯಂತ್ರದಲ್ಲಿ ನೆಡುವುದೇ ಸದ್ಯಕ್ಕೆ ಒಳ್ಳೆಯದೆಂದು ನಮಗೆ ಕಾಣುತ್ತದೆ. ಆ ಯಂತ್ರ ನಮ್ಮ ಎರಡೂ ಜಿಲ್ಲೆಗಳಲ್ಲಿ ಬಾಡಿಗೆಗೆ ಸಿಗುತ್ತದೆ, ನಡೆಸುವವರೂ ಇದ್ದಾರೆ.

ಹಾಗಾದರೆ ಡ್ರೋನ್ ಎಲ್ಲಿ ಆಗುತ್ತದೆ? ಕಾಲಿಡಲು ಆಗದಲ್ಲಿ. ಆಂಧ್ರದ ಕೃಷ್ಣಾ ಬಯಲಿನಲ್ಲಿ, ತಮಿಳುನಾಡಿನ ಕಾವೇರಿ ಬಯಲಿನಲ್ಲಿ ಹಿಂದಿನಿಂದಲೂ ಒಂದು ಕ್ರಮ ಉಂಟು. ಭತ್ತ ಕೊಯ್ಯಲು ಕೆಲವು ದಿನ ಇರುವಾಗಲೇ, ನಿಂತ ಪೈರಿನ ನಡುವೆ ಉದ್ದು ಎರಚುತ್ತಾರೆ. ಗದ್ದೆಯಲ್ಲಿ ಉಳಿದ ಪಸೆಯಲ್ಲೇ ಉದ್ದು ಮೊಳೆತು, ಕೊಯ್ಲು ಮುಗಿಯುವಾಗ ಮೇಲೆ ಬಂದಿರುತ್ತದೆ. ಉಳುವ ಖರ್ಚಿಲ್ಲ, ನೀರು ಹಾಯಿಸುವುದಿಲ್ಲ. ಅಮೆರಿಕದಲ್ಲೂ ನಿಂತ ಜೋಳದ ಮೇಲಿಂದ ಮಣ್ಣು ಕಾಯುವ ಹುಲ್ಲಿನ ಬೀಜವನ್ನು ವಿಮಾನ, ಡ್ರೋನ್‌ಗಳಿಂದ ಬಿತ್ತುವುದುಂಟು. ಬೆಳೆದು ನಿಂತ ಪೈರಿನೊಳಗೆ ಟ್ರ್ಯಾಕ್ಟರ್ ಹೋಗುವ ಹಾಗಿಲ್ಲ, ಮನುಷ್ಯ ಹೋದರೆ ತೆನೆ ಉದುರುತ್ತದೆ. ಡ್ರೋನಿಗೆ ಆ ತೊಂದರೆ ಇಲ್ಲ.

ಏಣೇಲು ಕೊಯ್ದ ನಂತರ ನಮ್ಮ ಬೈಲುಗಳಲ್ಲೂ ಪಸೆ ಇರುತ್ತದೆ. ಉದ್ದು, ಹೆಸರು, ಅಲಸಂಡೆ ಹಾಕುವುದು ಊರಿನ ಹಳೇ ಕ್ರಮ. ಈಗ ಹೆಚ್ಚಿನವರು ಖಾಲಿ ಬಿಡುತ್ತಾರೆ. ಅಕ್ಟೋಬರಿನಲ್ಲಿ ಮಳೆಯ ಆರ್ಭಟ ಇಳಿದಿರುತ್ತದೆ, ಉದ್ದಿನ ಬೀಜ ಒಣಗಿದ್ದು, ಗುಂಡಗಿನದ್ದು, ಡಬ್ಬಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ನಮ್ಮ ಕರಾವಳಿಗೆ ಡ್ರೋನ್ ಬಿತ್ತನೆ ಶುರು ಮಾಡುವುದಾದರೆ ಇಲ್ಲಿಂದ ಮಾಡಿ ನೋಡಬೇಕು. ಎರಡು ಅಡ್ಡಿಗಳನ್ನು ಮಾತ್ರ ಮೊದಲೇ ಯೋಚಿಸಬೇಕು. ಚೈನಿನ ಕಟಾವು ಯಂತ್ರ ಹೋದ ಜಾಡಿನಲ್ಲಿ ಬೀಜ ಹೂತು ಹೋಗುತ್ತದೆ. ಕೊಯ್ಲಾದ ಮೇಲೆ ದನ ಬಿಡುವ ರೂಢಿ ಇರುವಲ್ಲಿ ಒಬ್ಬನೇ ಉದ್ದು ಹಾಕಿದರೆ ಅದು ದನಗಳಿಗೇ. ಇಡೀ ಬೈಲಿನವರು ಒಟ್ಟಾಗಬೇಕು.

ಹಣ ಹಾಕುವ ಮೊದಲು

ಈಗ ಡ್ರೋನ್ ಕೊಳ್ಳಲು ಹೊರಟ ಹುಡುಗರಿಗೆ. ದುಬೈಯಲ್ಲಿ ಕಡಿಮೆಗೆ ಸಿಗ್ತದೆ, ಪೆಟ್ಟಿಗೆಯಲ್ಲಿ ಹಾಕಿ ತರುವ ಎಂದು ಯಾರಾದರೂ ಯೋಚಿಸಿದ್ದರೆ ಬಿಟ್ಟುಬಿಡಿ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದನ್ನು ಸರಕಾರ ನಿಷೇಧಿಸಿದೆ. ಬಿಡಿಬಿಡಿಯಾಗಿ ತಂದು ಇಲ್ಲಿ ಜೋಡಿಸುವ ಕಿಟ್ಟಿಗೂ ಇದೇ ನಿಯಮ. ಸಂಶೋಧನೆ, ರಕ್ಷಣೆಯಂಥ ಕೆಲವು ಕೆಲಸಗಳಿಗೆ ಮಾತ್ರ ವಿನಾಯಿತಿ.

2021ರ ಡ್ರೋನ್ ನಿಯಮದ ಪ್ರಕಾರ ಹಾರಿಸುವವರಿಗೆ 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ ಮಾಡಿ ಸರ್ಟಿಫಿಕೇಟ್ ಪಡೆಯಬೇಕು. ಅದು ಹತ್ತು ವರ್ಷ ನಡೆಯುತ್ತದೆ. ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, 8ರಿಂದ 12 ಕಿಲೋಮೀಟರಿನ ನಡುವೆ 200 ಅಡಿವರೆಗೆ ಮಾತ್ರ. ಬಜ್ಪೆ, ಗುರುಪುರ, ಕೈಕಂಬದ ಕಡೆಯವರು ಇದನ್ನು ಮರೆಯಬಾರದು. ಡಿಜಿಟಲ್ ಸ್ಕೈ ಎಂಬ ಸರಕಾರಿ ನಕ್ಷೆಯಲ್ಲಿ ನಿಮ್ಮ ಗದ್ದೆ ಹಸಿರೋ, ಹಳದಿಯೋ, ಕೆಂಪೋ ಎಂದು ನೋಡಬಹುದು.

ಸಬ್ಸಿಡಿ ಉಂಟಾ ಎಂದರೆ, ಉಂಟು. ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ 2022ರಲ್ಲಿ ಡ್ರೋನನ್ನು ಸೇರಿಸಿದಾಗ ಸಣ್ಣ ರೈತರಿಗೆ, ಮಹಿಳೆಯರಿಗೆ ಅರ್ಧ ಬೆಲೆ, ಗರಿಷ್ಠ 5 ಲಕ್ಷ ಎಂದು ನಿಗದಿ ಮಾಡಿದ್ದರು. 2023ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಶೇ. 80ರಷ್ಟು, ಗರಿಷ್ಠ 8 ಲಕ್ಷ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೋ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಮುಂದುವರಿಯಿರಿ. ಉಳಿದ ಹಣಕ್ಕೆ ಬಡ್ಡಿ ಸಾಲ ಎಂದ ಕೂಡಲೇ ಹಿಂದೆ ಸರಿಯುವ ಮನೆಗಳು ನಮ್ಮಲ್ಲಿ ಬಹಳ. ಅಂಥವರು ನಾಲ್ಕೈದು ಮನೆ ಸೇರಿ ಪಾಲಿನಲ್ಲಿ ತೆಗೆಯಬಹುದು. ಆದರೆ ಬಿತ್ತನೆ ವರ್ಷದಲ್ಲಿ ಕೆಲವೇ ವಾರದ ಕೆಲಸ. ಬರೀ ಬಿತ್ತನೆ ನಂಬಿ ಕೊಂಡರೆ ಅಸಲು ಬರ್ಲಿಕ್ಕಿಲ್ಲ. ಮದ್ದು ಬಿಡುವುದು, ಗೊಬ್ಬರ ಎರಚುವುದು ಇದ್ದರೆ ವರ್ಷದಲ್ಲಿ ಹೆಚ್ಚು ದಿನ ಕೆಲಸ ಸಿಕ್ಕೀತು. ಬ್ಯಾಟರಿಯ ಖರ್ಚನ್ನೂ ಸೇರಿಸಿ. ತುಂಬಿದ ಡಬ್ಬಿ ಹೊತ್ತ ಸಣ್ಣ ಡ್ರೋನ್ ಒಂದು ಚಾರ್ಜಿಗೆ ಹೆಚ್ಚು ಕಡಿಮೆ ಹತ್ತು ನಿಮಿಷ ಹಾರುತ್ತದೆ. ಗದ್ದೆ ಬದಿಗೆ ಮೂರ್ನಾಲ್ಕು ಜೋಡಿ ಬ್ಯಾಟರಿ, ಒಂದು ಜನರೇಟರ್ ಬೇಕೇ ಬೇಕು. ಗದ್ದೆ ಮಾತ್ರ ಇರುವವರು ಬಾಡಿಗೆಗೆ ಕರೆಸಿ ನೋಡಿ, ಕೊಳ್ಳಲು ಹೋಗಬೇಡಿ ಎಂದೇ ನಮ್ಮ ಸಲಹೆ.

ಇನ್ನೊಂದು ಸಂಗತಿ ಉಂಟು, ಹೇಳಿದರೆ ಕೆಲವರಿಗೆ ಬೇಸರ ಆಗಬಹುದು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿಗೆ ದುಡಿಯುತ್ತಿದ್ದ ನಮ್ಮ ಎಷ್ಟೋ ಕುಟುಂಬಗಳಿಗೆ ಗದ್ದೆ ಸ್ವಂತ ಆಯಿತು. ಡಿಕ್ಲರೇಶನ್‌ಗೆ ಅರ್ಜಿ ಕೊಟ್ಟು, ಟ್ರಿಬ್ಯೂನಲಿಗೆ ಅಲೆದು ಪಡೆದದ್ದು ಅಜ್ಜಂದಿರು. ಅದರ ಪಹಣಿ ಇವತ್ತಿಗೂ ಆ ತೀರಿಹೋದ ಅಜ್ಜನ ಹೆಸರಲ್ಲೇ ಉಂಟು. ಒಬ್ಬ ಮಗ ದಮ್ಮಾಮಿನಲ್ಲಿ, ಒಬ್ಬ ಮಂಗಳೂರಿನ ಅಂಗಡಿಯಲ್ಲಿ, ಹೆಣ್ಣುಮಕ್ಕಳ ಪಾಲು ಕಾಗದದಲ್ಲಿ ಬರಲೇ ಇಲ್ಲ. ಯಾರ ಪಾಲು ಎಲ್ಲಿ ಎಂದು ತೀರ್ಮಾನ ಆಗದ ಗದ್ದೆಗೆ ಯಾರೂ ಬೀಜ ಹಾಕುವುದಿಲ್ಲ. ಆಳಿನ ಕೊರತೆ ಎಂದು ಹೊರಗೆ ಹೇಳುತ್ತೇವೆ, ಒಳಗಿನ ಕಾರಣ ಹಲವು ಕಡೆ ಇದೇ. ಪಹಣಿ ತಮ್ಮ ಹೆಸರಿಗೆ ಆಗದೆ ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆಗೆ ಆ ಜಮೀನು ಸೇರುವುದಿಲ್ಲ, ಅದಿಲ್ಲದೆ ಸಬ್ಸಿಡಿಯ ಮಾತೂ ಇಲ್ಲ. ಪಾಲು ಮಾಡಿ ಕೊಟ್ಟ ಮೇಲೆ ಬೇಸಾಯ ಮಾತ್ರ ಒಟ್ಟಿಗೆ ಮಾಡಲು ಏನೂ ಅಡ್ಡಿ ಇಲ್ಲ. ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಆರು ತುಂಡು ಸೇರಿದರೆ ಮೇಲೆ ಹೇಳಿದ 60 ಮೀಟರಿನ ಗದ್ದೆ ಅಲ್ಲೇ ಉಂಟು.

ಬಾಡಿಗೆಗೆ ಕರೆಸುವವರು ಒಂದು ಪರೀಕ್ಷೆ ಮಾಡಿಸಿ. ಬಿತ್ತುವ ಮೊದಲು ಗದ್ದೆಯ ಅಡ್ಡಕ್ಕೆ ಒಂದು ಟಾರ್ಪಾಲು ಹಾಸಿ, ಡ್ರೋನ್ ಒಂದು ಸಲ ಮೇಲೆ ಹೋಗಲಿ. ನಡುವೆ ಎಷ್ಟು ಕಾಳು, ಅಂಚಿನಲ್ಲಿ ಎಷ್ಟು ಎಂದು ಎಣಿಸಿ. ಹತ್ತು ದಿನ ಕಳೆದು ಪಿವಿಸಿ ಪೈಪಿನಲ್ಲಿ ಒಂದು ಮೀಟರಿನ ಚೌಕ ಮಾಡಿ ಗದ್ದೆಯ ಐದಾರು ಕಡೆ ಇಟ್ಟು ಗಿಡ ಎಣಿಸಿ, ಮಕ್ಕಳನ್ನು ಬಿಟ್ಟರೆ ಅವರೇ ಖುಷಿಯಲ್ಲಿ ಎಣಿಸುತ್ತಾರೆ. ಒಂದು ಕಡೆ 120, ಇನ್ನೊಂದು ಕಡೆ 30 ಬಂದರೆ ಹಾರಿಸಿದವರನ್ನು ಕರೆದು ತೋರಿಸಿ, ಆಮೇಲೆ ಬಾಡಿಗೆಯ ಮಾತು. ಅಕ್ಟೋಬರಿನ ಉದ್ದಿಗೆ ಯಾವ ತಳಿ, ಎಷ್ಟು ಬೀಜ, ಕೊಯ್ಲಿಗೆ ಎಷ್ಟು ದಿನ ಮೊದಲು ಎಂದು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈಗಲೇ ಕೇಳಿಟ್ಟುಕೊಳ್ಳಬಹುದು. ಹೋಗುವಾಗ ಪಹಣಿಯ ಪ್ರತಿ, ಗದ್ದೆಯ ಅಳತೆ, ಮೇಲೆ ಕರೆಂಟು ತಂತಿ ಹೋಗುವ ಜಾಗದ ಒಂದು ಫೋಟೋ ಕೈಯಲ್ಲಿರಲಿ.